ಚೀಟಿಯಲ್ಲಿ ಬರೆದದ್ದು, ಡಬ್ಬದೊಳಗೆ ಇರುವುದು: ಡೆಸ್ಕ್‌ಟಾಪ್ ಯಂತ್ರಾಂಶವನ್ನು ನೀವೇ ಪರೀಕ್ಷಿಸಲು ಸಮಗ್ರ ಮಾರ್ಗದರ್ಶಿ

ಅಕ್ಕನ ಮಗ ಡಿಪ್ಲೊಮಾ ಸೇರಿದಾಗ ಅವನಿಗೊಂದು ಡೆಸ್ಕ್‌ಟಾಪ್ ಕೊಡಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ಅಕ್ಕ ಕೊಟ್ಟ ಹಣ ಹೊಸದಕ್ಕೆ ಸಾಲುತ್ತಿರಲಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ, ಯಾವುದೋ ಕಚೇರಿ ಬಳಸಿ ಬಿಟ್ಟ ಹಳೆಯ ಯಂತ್ರವೊಂದನ್ನು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆವು. ಅಂಗಡಿಯವರು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟ ಚೀಟಿ ಹೀಗಿತ್ತು: “ಐ5, 16 ಜಿಬಿ ರ‍್ಯಾಮ್, 256 ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿ ಗ್ರಾಫಿಕ್ಸ್. 15 ದಿನ ಟೆಸ್ಟಿಂಗ್ ವಾರಂಟಿ.”

“ಆನ್ ಆಯಿತಲ್ಲ ಮಾಮ, ಇನ್ನೇನು ನೋಡುವುದು?” ಎಂದ ಹುಡುಗ.

ನೋಡುವುದು ಬಹಳವಿತ್ತು. ಆ ಚೀಟಿಯ ಒಂದು ಸಾಲೂ ಸುಳ್ಳಾಗಿರಲಿಲ್ಲ ಎಂಬುದು ಪರೀಕ್ಷೆ ಮುಗಿದ ಮೇಲೆ ತಿಳಿಯಿತು. ಆದರೆ ಪ್ರತಿ ಸಾಲೂ ಹೇಳಬೇಕಾದದ್ದರಲ್ಲಿ ಅರ್ಧವನ್ನಷ್ಟೇ ಹೇಳಿ ಸುಮ್ಮನಾಗಿತ್ತು. ಉಳಿದರ್ಧವನ್ನು ಹೊರಗೆ ತೆಗೆಯುವುದಕ್ಕೆ ಬೇಕಾದ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವೂ ಬಹುಪಾಲು ಬರುವುದಿಲ್ಲ. ವಿಂಡೋಸ್ 10 ಅಥವಾ 11 ಇರುವ ಡೆಸ್ಕ್‌ಟಾಪ್ ನಿಮ್ಮ ಮುಂದಿದೆ ಎಂದುಕೊಂಡು ಆ ಚೀಟಿಯ ಸಾಲುಗಳನ್ನೇ ಒಂದೊಂದಾಗಿ ಹಿಡಿಯೋಣ.

ಮೊದಲು ವಿಂಡೋಸ್‌ನಲ್ಲೇ ಇರುವುದನ್ನು ಬಳಸಿ

ಏನನ್ನೂ ಇಳಿಸಿಕೊಳ್ಳುವ ಮುನ್ನ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋದರೆ ಪ್ರೊಸೆಸರ್, ಮೆಮೊರಿ, ಡಿಸ್ಕ್, ಗ್ರಾಫಿಕ್ಸ್ ಎಲ್ಲವೂ ಎಡಬದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದನ್ನೂ ಒತ್ತಿ ಬಲಗಡೆ ಕಾಣುವ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಿ. ಮೆಮೊರಿಯ ಪುಟದ ಕೆಳಗೆ ‘ಸ್ಲಾಟ್ಸ್ ಯೂಸ್ಡ್’ (ಮೆಮೊರಿ ಸಿಕ್ಕಿಸುವ ಜಾಗಗಳಲ್ಲಿ ಎಷ್ಟು ತುಂಬಿವೆ) ಎಂಬ ಸಣ್ಣ ಸಾಲಿದೆ. ಎಷ್ಟೋ ವರ್ಷ ಟಾಸ್ಕ್ ಮ್ಯಾನೇಜರ್ ಬಳಸಿದವರೂ ಅದನ್ನು ಗಮನಿಸಿರುವುದಿಲ್ಲ. ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಎರಡನೆಯದು, ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫಾರ್ಮೇಶನ್’ ಎಂದು ಹುಡುಕಿ ತೆರೆಯಿರಿ. ಇಲ್ಲಿ ಮದರ್‌ಬೋರ್ಡ್ ತಯಾರಕರ ಹೆಸರು, ಮಾದರಿ, ಬಯೋಸ್ (ಯಂತ್ರ ಆನ್ ಆದ ಕೂಡಲೇ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಆವೃತ್ತಿ ಮತ್ತು ಅದರ ದಿನಾಂಕ ಸಿಗುತ್ತವೆ. ತಯಾರಕರ ಹೆಸರಿರಬೇಕಾದ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ ಎಂದಿದ್ದರೆ ಬೋರ್ಡ್ ಮಾಡಿದವರು ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ ಎಂದರ್ಥ. ಜೋಡಿಸಿದ ಯಂತ್ರಗಳಲ್ಲಿ ಇದು ಸಾಮಾನ್ಯ, ಅದೇ ಒಂದು ದೋಷವಲ್ಲ. ಆದರೆ ಹೆಸರಾಂತ ಕಂಪನಿಯ ಲಾಂಛನವಿರುವ ಕ್ಯಾಬಿನೆಟ್‌ನೊಳಗೆ ಇಂಥ ಸಾಲು ಕಂಡರೆ, ಹೊರಗಿನ ಡಬ್ಬ ಒಬ್ಬರದು, ಒಳಗಿನ ಬೋರ್ಡ್ ಇನ್ನೊಬ್ಬರದು ಎಂದು ಅನುಮಾನಿಸಿ.

ಮೂರನೆಯದು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಪಟ್ಟಿಯಲ್ಲೇ ಇದೆ. ಹಳದಿ ತ್ರಿಕೋನ ಕಂಡ ಸಾಧನಕ್ಕೆ ಡ್ರೈವರ್ (ಅದನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಸಿಕ್ಕಿಲ್ಲ ಅಥವಾ ಸಾಧನ ಕೆಟ್ಟಿದೆ. ‘ಅನ್‌ನೋನ್ ಡಿವೈಸ್’ ಎಂದಷ್ಟೇ ಇದ್ದರೆ ಅದರ ‘ಪ್ರಾಪರ್ಟೀಸ್’ ತೆರೆದು, ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿ’ ಆಯ್ದುಕೊಳ್ಳಿ. ಉದ್ದನೆಯ ಸಂಕೇತದಲ್ಲಿ ‘ವಿಇಎನ್’ ಅಕ್ಷರಗಳ ಮುಂದಿರುವ ನಾಲ್ಕು ಅಂಕಿಗಳು ತಯಾರಕರ ಗುರುತು: 1002 ಎಂದರೆ ಎಎಂಡಿ, 10ಡಿಇ ಎಂದರೆ ಎನ್‌ವಿಡಿಯ, 10ಇಸಿ ಎಂದರೆ ರಿಯಲ್‌ಟೆಕ್. ಇಂಟೆಲ್ ತನಗಾಗಿ ಇಟ್ಟುಕೊಂಡಿರುವ ಗುರುತು 8086. 1978ರಲ್ಲಿ ಬಂದ ಅದರ ಪ್ರೊಸೆಸರ್‌ನ ಹೆಸರೂ ಅದೇ ಸಂಖ್ಯೆ. ಆ ಅಂಕಿ ಕಂಡಾಗಲೆಲ್ಲ ನನಗೆ ಮನೆದೇವರ ಹೆಸರನ್ನು ಮಗುವಿಗಿಟ್ಟ ಹಾಗೆ ಅನ್ನಿಸುತ್ತದೆ.

ಇಷ್ಟಾದ ಮೇಲೂ ಬೇರೆ ತಂತ್ರಾಂಶ ಏಕೆ ಎಂದರೆ, ವಿಂಡೋಸ್ ತೋರಿಸುವ ಹೆಸರುಗಳಲ್ಲಿ ಕೆಲವು ನೇರವಾಗಿ ಬಿಡಿಭಾಗದಿಂದ ಬಂದವಲ್ಲ. ‘ಸಿಸ್ಟಮ್’ ಪುಟದಲ್ಲಿ ಕಾಣುವ ಪ್ರೊಸೆಸರ್ ಹೆಸರು ವಿಂಡೋಸ್ ತನ್ನ ಮಾಹಿತಿಯನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಅಕ್ಷರಗಳಾಗಿ ಕುಳಿತಿರುತ್ತದೆ. ತಿಳಿದವರು ಅದನ್ನು ತಿದ್ದಿ ಐ3 ಇರುವಲ್ಲಿ ಐ7 ಎಂದು ತೋರಿಸಬಹುದು. ಹಾಗಾಗಿ ಒಂದೇ ಪ್ರಶ್ನೆಯನ್ನು ಇಬ್ಬರು ಸಾಕ್ಷಿಗಳಿಗೆ ಕೇಳಬೇಕು.

ಇಳಿಸಿಕೊಳ್ಳುವಾಗ ಎಡವಬೇಡಿ

ನನ್ನ ಪೆನ್‌ಡ್ರೈವ್‌ನಲ್ಲಿ ಸದಾ ಇರುವವು ಐದು: ಸಿಪಿಯು-ಝಡ್, ಜಿಪಿಯು-ಝಡ್, ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಎಚ್‌ಡಬ್ಲ್ಯುಇನ್ಫೋ ಮತ್ತು ಮೆಮ್‌ಟೆಸ್ಟ್86. ಮನೆ ಬಳಕೆಗೆ ಐದೂ ಉಚಿತ. ಎಐಡಿಎ64 ಎಂಬ ದೊಡ್ಡ ತಂತ್ರಾಂಶವೂ ಇದೆ, ಒಳ್ಳೆಯದೇ. ಆದರೆ ಹಣ ಕೊಡದಿದ್ದರೆ ಕೆಲವು ಅಂಕಿಗಳನ್ನು ಮುಚ್ಚಿಟ್ಟು ಅಲ್ಲಿ ‘ಟ್ರಯಲ್’ ಎಂದು ಬರೆಯುತ್ತದೆ. ಬಹಳ ಮಂದಿ ಇನ್ನೂ ಬಳಸುವ ಸ್ಪೆಸಿ ನೋಡಲು ಅಂದವಾಗಿದೆ, ಹೊಸ ಬಿಡಿಭಾಗಗಳ ವಿಷಯದಲ್ಲಿ ಅದನ್ನು ನಾನು ನಂಬುವುದಿಲ್ಲ.

ಇವನ್ನು ಅವರವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತಬೇಡಿ. 2023ರಲ್ಲಿ ಸಿಪಿಯು-ಝಡ್ ಹೆಸರಿನಲ್ಲಿ ಗೂಗಲ್ ಜಾಹೀರಾತು ಕೊಟ್ಟು ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಹಂಚಿದ್ದರು. ಅಧಿಕೃತ ತಾಣದಲ್ಲೂ ‘ಡೌನ್‌ಲೋಡ್’ ಎಂದು ಹಸಿರಾಗಿ ಹೊಳೆಯುವ ಗುಂಡಿ ಹಲವು ಬಾರಿ ಜಾಹೀರಾತೇ ಆಗಿರುತ್ತದೆ. ಇನ್‌ಸ್ಟಾಲ್ ಮಾಡಬೇಕಿಲ್ಲದ ‘ಪೋರ್ಟಬಲ್’ ಅಥವಾ ‘ಜಿಪ್’ ಆವೃತ್ತಿ ಇದ್ದರೆ ಅದನ್ನೇ ಆರಿಸಿ. ಮಾರುವವರ ಅಂಗಡಿಯಲ್ಲಿಯೇ ಪೆನ್‌ಡ್ರೈವ್ ಸಿಕ್ಕಿಸಿ ಓಡಿಸಬಹುದು. “ನಿಮ್ಮ ಕಂಪ್ಯೂಟರ್‌ನಲ್ಲಿ 37 ಡ್ರೈವರ್ ಹಳತಾಗಿವೆ” ಎಂದು ಹೆದರಿಸುವ ಯಾವ ತಂತ್ರಾಂಶವೂ ಈ ಕೆಲಸಕ್ಕೆ ಬೇಡ.

ಐ5 ಎಂದರೆ ಯಾವ ಐ5?

ಚೀಟಿಯ ಮೊದಲ ಪದ ಇದು. ಐ5 ಎಂಬ ಹೆಸರು 2009ರಿಂದ ಚಾಲ್ತಿಯಲ್ಲಿದೆ. ಮೈಸೂರಿನಲ್ಲಿ ಮನೆಯಿದೆ ಎಂದಷ್ಟೇ ಹೇಳಿ ಯಾವ ಬಡಾವಣೆ ಎಂದು ಹೇಳದಿದ್ದ ಹಾಗೆ, ಐ5 ಎಂದರೆ ಏನೂ ಹೇಳಿದಂತಾಗಲಿಲ್ಲ.

ಸಿಪಿಯು-ಝಡ್ ತೆರೆಯಿರಿ. ಮೊದಲ ಪುಟದಲ್ಲಿ ‘ಸ್ಪೆಸಿಫಿಕೇಶನ್’ ಎಂಬ ಸಾಲನ್ನು ನೋಡಿ. ಇದು ಪ್ರೊಸೆಸರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಹೆಸರು; ಸಿಪಿಯು-ಝಡ್ ರಿಜಿಸ್ಟ್ರಿಯನ್ನು ನಂಬದೆ ನೇರವಾಗಿ ಚಿಪ್ಪನ್ನೇ ಕೇಳುತ್ತದೆ. ನಮ್ಮದರಲ್ಲಿ ಐ5-6500 ಎಂದಿತ್ತು. ನಾಲ್ಕು ಅಂಕಿಯಿದ್ದರೆ ಮೊದಲ ಅಂಕಿ ಜನರೇಶನ್ (ತಲೆಮಾರು) ಅನ್ನು ಹೇಳುತ್ತದೆ, ಅಂದರೆ ಇದು ಆರನೆಯದು. ಐದು ಅಂಕಿಯಿದ್ದರೆ ಮೊದಲ ಎರಡನ್ನು ತೆಗೆದುಕೊಳ್ಳಿ: 12400 ಹನ್ನೆರಡನೆಯದು. ಅದರ ಕೆಳಗೆ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ನಾಲ್ಕು, ಥ್ರೆಡ್‌ಗಳು (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು) ನಾಲ್ಕು, ‘ಟೆಕ್ನಾಲಜಿ’ 14 ನ್ಯಾನೋಮೀಟರ್, ‘ಮ್ಯಾಕ್ಸ್ ಟಿಡಿಪಿ’ (ದುಡಿಯುವಾಗ ಹೊರಹಾಕುವ ಶಾಖದ ಅಂದಾಜು) 65 ವ್ಯಾಟ್. 2015ರಲ್ಲಿ ಬಂದ ಐ5-6500ಕ್ಕೆ ಇವೆಲ್ಲ ಸರಿಹೊಂದುತ್ತವೆ. ನಿಮ್ಮ ಮಾದರಿಯ ಅಂಕಿಗಳನ್ನು ಇಂಟೆಲ್ ಅಥವಾ ಎಎಂಡಿಯ ತಾಣದಲ್ಲಿ ಹುಡುಕಿ ತಾಳೆ ನೋಡಿ. ಹೆಸರಿನ ಕೊನೆಯಲ್ಲಿ ‘ಇಎಸ್’ ಎಂದು ಕಂಡರೆ ಅದು ಮಾರುಕಟ್ಟೆಗೆ ಬರುವ ಮುನ್ನ ಪರೀಕ್ಷೆಗೆಂದು ಮಾಡಿದ ಮಾದರಿ, ಬಿಟ್ಟುಬಿಡಿ.

‘ಕೋರ್ ಸ್ಪೀಡ್’ ಕುಣಿಯುತ್ತಿರುತ್ತದೆ. 3.2 ಗಿಗಾಹರ್ಟ್ಸ್ ಎಂದು ಹೇಳಿದ ಚಿಪ್ಪು 800 ಮೆಗಾಹರ್ಟ್ಸ್ ತೋರಿಸುತ್ತಿದೆ ಎಂದು ಗಾಬರಿಯಾಗಬೇಡಿ. ಕೆಲಸವಿಲ್ಲದಾಗ ಅದು ವೇಗ ಇಳಿಸಿ ವಿದ್ಯುತ್ ಉಳಿಸುತ್ತದೆ. ‘ಬೆಂಚ್’ ಪುಟದಲ್ಲಿ ‘ಸ್ಟ್ರೆಸ್ ಸಿಪಿಯು’ ಒತ್ತಿ ನೋಡಿ, ಕೂಡಲೇ ಮೇಲೇರುತ್ತದೆ.

ಆರನೇ ಜನರೇಶನ್ ಎಂದು ತಿಳಿದದ್ದರಿಂದ ಇನ್ನೊಂದು ಸಂಗತಿ ಹೊರಬಿತ್ತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳು ಬಹುಮಟ್ಟಿಗೆ ಎಂಟನೇ ಜನರೇಶನ್‌ನಿಂದ ಆರಂಭವಾಗುತ್ತವೆ; ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಗಳು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕುವವರಿದ್ದಾರೆ. ನಾನು ಹುಡುಗನಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟೆ, ಆದರೆ ಪರೀಕ್ಷೆಯೆಲ್ಲ ಮುಗಿದ ಮೇಲೆ.

16 ಜಿಬಿ, ಆದರೆ ಹೇಗೆ?

ಟಾಸ್ಕ್ ಮ್ಯಾನೇಜರ್‌ನ ಆ ಸಣ್ಣ ಸಾಲು ನೆನಪಿದೆಯೇ? ನಮ್ಮದರಲ್ಲಿ ‘ಎರಡರಲ್ಲಿ ಒಂದು’ ಎಂದಿತ್ತು. ಹದಿನಾರು ಜಿಬಿ ಇದ್ದದ್ದು ನಿಜ. ಎಂಟೆಂಟರ ಎರಡು ಪಟ್ಟಿಗಳಾಗಿರದೆ ಹದಿನಾರರ ಒಂದೇ ಪಟ್ಟಿಯಾಗಿತ್ತು. ಸಿಪಿಯು-ಝಡ್‌ನ ‘ಮೆಮೊರಿ’ ಪುಟದಲ್ಲಿ ‘ಚಾನೆಲ್’ (ದತ್ತಾಂಶ ಸಾಗುವ ದಾರಿ) ಎಂಬ ಜಾಗದಲ್ಲಿ ಇದೇ ವಿಷಯ ಕಾಣುತ್ತದೆ. ಹಳೆಯ ಆವೃತ್ತಿಯಲ್ಲಿ ‘ಸಿಂಗಲ್’ ಅಥವಾ ‘ಡ್ಯುಯಲ್’ ಎಂದೂ, ಹೊಸದರಲ್ಲಿ ‘1 x 64 ಬಿಟ್’ ಅಥವಾ ‘2 x 64 ಬಿಟ್’ ಎಂದೂ ಇರುತ್ತದೆ.

ಇದರಿಂದ ಏನು ವ್ಯತ್ಯಾಸ? 2133ರ ವೇಗದ ಡಿಡಿಆರ್4 ಪಟ್ಟಿ ಒಂದೇ ಇದ್ದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಸೆಕೆಂಡಿಗೆ ಹೆಚ್ಚೆಂದರೆ 17 ಜಿಬಿ ದತ್ತಾಂಶ ಹರಿಯುತ್ತದೆ. ಎರಡು ಪಟ್ಟಿ ಎರಡು ಚಾನೆಲ್‌ನಲ್ಲಿದ್ದರೆ 34. ಪತ್ರ ಬರೆಯಲು, ಯೂಟ್ಯೂಬ್ ನೋಡಲು ಇದು ಗೊತ್ತೇ ಆಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಆಟ ಆಡುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ, ಏಕೆಂದರೆ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಅನ್ನು ಹಂಚಿಕೊಳ್ಳುತ್ತದೆ.

ಅದೇ ಪುಟದಲ್ಲಿ ‘ಡಿರ‍್ಯಾಮ್ ಫ್ರೀಕ್ವೆನ್ಸಿ’ 1066 ಎಂದು ಕಂಡಾಗ ಹುಡುಗ ಮುಖ ಸಪ್ಪೆ ಮಾಡಿದ. ಅದನ್ನು ಎರಡರಿಂದ ಗುಣಿಸಬೇಕು. ಡಿಡಿಆರ್ ಎಂಬ ಹೆಸರಿನ ಮೊದಲ ಎರಡು ಅಕ್ಷರಗಳೇ ‘ಡಬಲ್ ಡೇಟಾ’. ಗಡಿಯಾರದ ಒಂದು ಮಿಡಿತಕ್ಕೆ ಎರಡು ಬಾರಿ ದತ್ತಾಂಶ ಸಾಗುತ್ತದೆ. 1066 ಎಂದರೆ 2133. ಈ ಲೆಕ್ಕ ತಿಳಿಯದೆ ಅಂಗಡಿಯವರೊಂದಿಗೆ ಜಗಳಕ್ಕೆ ನಿಂತವರನ್ನು ನಾನು ನೋಡಿದ್ದೇನೆ.

ಮುಂದಿನ ‘ಎಸ್‌ಪಿಡಿ’ ಪುಟ ಇನ್ನೂ ಸ್ವಾರಸ್ಯದ್ದು. ಪ್ರತಿ ರ‍್ಯಾಮ್ ಪಟ್ಟಿಯ ಮೇಲೆ ಒಂದು ಪುಟ್ಟ ಚಿಪ್ಪಿದ್ದು, ಅದರಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ, ತಾಳುವ ವೇಗ, ಹಲವು ಬಾರಿ ತಯಾರಾದ ವಾರ ಮತ್ತು ವರ್ಷವೂ ಇರುತ್ತದೆ. ಪುಟದ ಮೇಲ್ಭಾಗದ ಆಯ್ಕೆಗಳಿಂದ ಒಂದೊಂದೇ ಸ್ಲಾಟ್ ಆರಿಸಿ ಓದಿ. ನಮ್ಮ ಪಟ್ಟಿ 2400ರದ್ದು, ಆದರೂ 2133ರಲ್ಲಿ ಓಡುತ್ತಿತ್ತು. ಐ5-6500 ಅಧಿಕೃತವಾಗಿ ಅಷ್ಟಕ್ಕೇ ನಿಲ್ಲುತ್ತದೆ, ಹಾಗಾಗಿ ಅದು ಸರಿ. ನೀವು 3200ರ ಹೊಸ ರ‍್ಯಾಮ್ ಹಾಕಿಸಿಕೊಂಡು, ಇಲ್ಲಿ 1066 ಅಥವಾ 1200 ಕಂಡರೆ ಬಯೋಸ್‌ಗೆ ಹೋಗಿ, ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಎಂಬ ಆಯ್ಕೆ ಆನ್ ಆಗಿದೆಯೇ ನೋಡಿ. ಡಿಡಿಆರ್5 ಇರುವ ಎಎಂಡಿ ಬೋರ್ಡ್‌ಗಳಲ್ಲಿ ಅದರ ಹೆಸರು ಎಕ್ಸ್‌ಪೋ. ಹಣ ಕೊಟ್ಟ ವೇಗ ಬಯೋಸ್‌ನಲ್ಲಿ ಮಲಗಿರುವ ಯಂತ್ರಗಳು ಬಹಳ.

ಗಾತ್ರ, ವೇಗ ಸರಿಯಿದ್ದರೂ ರ‍್ಯಾಮ್ ಆರೋಗ್ಯವಾಗಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮೆಮ್‌ಟೆಸ್ಟ್86 ಬೇಕು. ಅದನ್ನು ಖಾಲಿ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿದ್ದ ಕಡತಗಳೆಲ್ಲ ಅಳಿಸಿಹೋಗುತ್ತವೆ, ಎಚ್ಚರ. ಕಂಪ್ಯೂಟರ್ ಮತ್ತೆ ಶುರು ಮಾಡುವಾಗ ಯಾವುದರಿಂದ ಶುರುವಾಗಬೇಕೆಂದು ಕೇಳುವ ಬೂಟ್ ಮೆನುವಿನ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿ. ಕಂಪನಿಗೊಂದು ಕೀಲಿ: ಎಫ್12, ಎಫ್11, ಎಫ್8 ಅಥವಾ ಎಸ್ಕೇಪ್. ಪರೀಕ್ಷೆ ತಾನಾಗಿ ಆರಂಭವಾಗುತ್ತದೆ. 16 ಜಿಬಿಗೆ ಕೆಲವು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗುವುದೇ ಮೇಲು. ಬೆಳಿಗ್ಗೆ ‘ಎರರ್ಸ್’ ಮುಂದೆ ಸೊನ್ನೆ ಇರಬೇಕು. ಒಂದೇ ಒಂದು ದೋಷ ಬಂದರೂ ಆ ರ‍್ಯಾಮ್ ಅನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಪಟ್ಟಿಯನ್ನು ಹೊರತೆಗೆದು ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ, ಮತ್ತೆ ಹಾಕಿ ಇನ್ನೊಮ್ಮೆ ಪರೀಕ್ಷಿಸಿ. ರಿಪೇರಿ ಅಂಗಡಿಗಳಲ್ಲಿ ದಿನವೂ ನಡೆಯುವ ಈ ಚಿಕಿತ್ಸೆಗೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಆಗಲೂ ದೋಷ ಬಂದರೆ ಎರಡು ಪಟ್ಟಿ ಇದ್ದವರು ಒಂದೊಂದನ್ನೇ ಹಾಕಿ ಯಾವುದು ಕೆಟ್ಟದ್ದೆಂದು ಕಂಡುಹಿಡಿಯಿರಿ.

ಡಿಸ್ಕಿನ ಜಾತಕ

ಇಡೀ ಪರೀಕ್ಷೆಯಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ನಾನು ಮಾಡುವುದು ಇದನ್ನು. ಪ್ರೊಸೆಸರ್ ಹೋದರೆ ಇನ್ನೊಂದು ತರಬಹುದು. ಡಿಸ್ಕ್ ಹೋದರೆ ಜೊತೆಗೆ ಮಗುವಿನ ಫೋಟೊಗಳೂ ಹೋಗುತ್ತವೆ.

ಮೊದಲೊಂದು ಅನುಮಾನ ತೀರಿಸಿಕೊಳ್ಳಿ. 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದೂ, 256ರದ್ದನ್ನು 238 ಎಂದೂ ತೋರಿಸುತ್ತದೆ. ಮೋಸವಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಈಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ಜಪಾನಿನಲ್ಲಿ ತಯಾರಾದ ತಂತ್ರಾಂಶ. ಕಾರ್ಟೂನ್ ಹುಡುಗಿಯ ಚಿತ್ರವಿರುವ ಆವೃತ್ತಿಯೂ ಇದೆ, ತಪ್ಪಾದದ್ದನ್ನು ಇಳಿಸಿಕೊಂಡೆನೇ ಎಂದು ಹೆದರಬೇಡಿ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಈ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ಎಡಗಡೆ ದೊಡ್ಡ ಚೌಕ ನೀಲಿಯಾಗಿದ್ದರೆ ‘ಗುಡ್’, ಹಳದಿಯಾದರೆ ‘ಕಾಶನ್’, ಕೆಂಪಾದರೆ ‘ಬ್ಯಾಡ್’. ಒಂದಕ್ಕಿಂತ ಹೆಚ್ಚು ಡಿಸ್ಕ್ ಇದ್ದರೆ ಮೇಲೆ ಒಂದೊಂದಕ್ಕೂ ಗುಂಡಿ ಇರುತ್ತದೆ, ಎಲ್ಲವನ್ನೂ ನೋಡಿ.

ನಮ್ಮ ಎಸ್‌ಎಸ್‌ಡಿ ನೀಲಿಯಾಗಿ, 91 ಶೇಕಡಾ ಎಂದು ತೋರಿಸಿತು. ಅಂದರೆ ಬರೆಯುವ ಆಯುಷ್ಯದಲ್ಲಿ ನೂರಕ್ಕೆ ಒಂಬತ್ತು ಪಾಲು ಖರ್ಚಾಗಿದೆ, ಚಿಂತೆಯಿಲ್ಲ. ‘ಟ್ರಾನ್ಸ್‌ಫರ್ ಮೋಡ್’ ಎಂಬಲ್ಲಿ ಎರಡು ಅಂಕಿ ಇರುತ್ತವೆ: ಎಡದ್ದು ಈಗಿನ ವೇಗ, ಬಲದ್ದು ಡಿಸ್ಕಿಗೆ ಸಾಧ್ಯವಿರುವ ವೇಗ. ಎರಡೂ ‘ಸಾಟಾ/600’ ಆಗಿದ್ದವು. ಎಡಗಡೆ 300 ಇದ್ದಿದ್ದರೆ ಕೇಬಲ್ಲನ್ನು ನಿಧಾನದ ಪೋರ್ಟಿಗೆ ಸಿಕ್ಕಿಸಿದ್ದಾರೆ ಎಂದು ಮೊದಲು ಅನುಮಾನಿಸಬೇಕು.

ಹಾರ್ಡ್ ಡಿಸ್ಕಿನ ಗುಂಡಿ ಒತ್ತಿದೆವು. ಹಳದಿ.

ಬಲಗಡೆ ಮೇಲೆ ‘ಪವರ್ ಆನ್ ಅವರ್ಸ್’ 31,412 ಎಂದಿತ್ತು. 24ರಿಂದ ಭಾಗಿಸಿ: ಸುಮಾರು 1,309 ದಿನ, ಮೂರೂವರೆ ವರ್ಷಕ್ಕಿಂತ ಹೆಚ್ಚು ಕಾಲ ಹಗಲೂ ರಾತ್ರಿ ತಿರುಗಿದ ಡಿಸ್ಕ್. ಕಚೇರಿಯಲ್ಲಿ ಯಾರೂ ಕಂಪ್ಯೂಟರ್ ಆರಿಸುತ್ತಿರಲಿಲ್ಲ ಎಂದಾಯಿತು. ಬರೀ ವಯಸ್ಸಾದರೆ ಹಳದಿ ಬರುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಮೂರು ಸಾಲುಗಳನ್ನು ನೋಡಬೇಕು. 05 ಎಂದರೆ ಕೆಟ್ಟ ಜಾಗವನ್ನು ಕೈಬಿಟ್ಟು ಮೀಸಲು ಜಾಗಕ್ಕೆ ಹೋದ ಲೆಕ್ಕ. ಸಿ5 ಎಂದರೆ ಓದಲು ತಿಣುಕುತ್ತಿರುವ, ಇನ್ನೂ ತೀರ್ಮಾನವಾಗದ ಜಾಗಗಳು. ಸಿ6 ಎಂದರೆ ಸರಿಪಡಿಸಲಾಗದೆ ಹೋದವು. ಮೂರರ ಮುಂದೆಯೂ ಸೊನ್ನೆ ಇರಬೇಕು. ನಮ್ಮ ಸಿ5 ಮುಂದೆ ಸಾಲುಸಾಲು ಸೊನ್ನೆಗಳ ಕೊನೆಯಲ್ಲಿ 18 ಇತ್ತು.

ಇಲ್ಲೊಂದು ಬಲೆ ಇದೆ. ಈ ಪಟ್ಟಿಯ ಕೊನೆಯ ಕಂಬದಲ್ಲಿರುವ ಅಂಕಿಗಳು ಮೊದಲಿಗೆ ಹದಿನಾರರ ಎಣಿಕೆಯಲ್ಲಿ ಕಾಣುತ್ತವೆ. ಅಲ್ಲಿಯ 18 ನಮ್ಮ ಲೆಕ್ಕದಲ್ಲಿ 24. ತಲೆಕೆಡಿಸಿಕೊಳ್ಳುವ ಬದಲು ‘ಫಂಕ್ಷನ್’ ಮೆನುವಿನ ‘ಅಡ್ವಾನ್ಸ್‌ಡ್ ಫೀಚರ್’ ಒಳಗೆ ‘ರಾ ವ್ಯಾಲ್ಯೂಸ್’ ಎಂಬುದನ್ನು ಹತ್ತರ ಎಣಿಕೆಗೆ ಬದಲಿಸಿ. ಸಿ7 ಎಂಬ ಸಾಲಿನಲ್ಲಿ ಅಂಕಿ ಇದ್ದರೆ ಮಾತ್ರ ಡಿಸ್ಕನ್ನು ಬೈಯಬೇಡಿ. ಅದು ಹೆಚ್ಚಾಗಿ ಕೇಬಲ್‌ನ ತಪ್ಪು, ಬೇರೆ ಕೇಬಲ್ ಹಾಕಿದ ಮೇಲೆ ಆ ಅಂಕಿ ಬೆಳೆಯುವುದು ನಿಲ್ಲುತ್ತದೆ.

ಹಳದಿ ಬಂದ ಡಿಸ್ಕ್ ನಾಳೆಯೇ ಸಾಯುತ್ತದೆಂದಲ್ಲ, ವರ್ಷಗಟ್ಟಲೆ ಓಡಿದವೂ ಇವೆ. ನಾನಂತೂ ಅದರಲ್ಲಿ ಸಿನಿಮಾ ಬಿಟ್ಟು ಬೇರೇನನ್ನೂ ಇಡುವುದಿಲ್ಲ. ಈ ದಾಖಲೆಯನ್ನೂ ಅಳಿಸಿ ಗಂಟೆಗಳನ್ನು ಸೊನ್ನೆಗೆ ತರುವ ಕಿಲಾಡಿಗಳಿದ್ದಾರೆ. ‘ಹೊಸದು’ ಎಂದು ಮಾರಿದ ಡಿಸ್ಕಿನ ಕೇಬಲ್ ಸಿಕ್ಕಿಸುವ ಹಲ್ಲುಗಳ ಮೇಲೆ ಗೀರು ಇದ್ದರೆ ತಂತ್ರಾಂಶಕ್ಕಿಂತ ನಿಮ್ಮ ಕಣ್ಣನ್ನೇ ನಂಬಿ. ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕ ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್ ಇದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಚಿಕ್ಕ ಉಪಕರಣ ಓಡಿಸಿ. ಅದು ತುದಿಯವರೆಗೂ ಬರೆದು, ಬರೆದದ್ದನ್ನು ಮತ್ತೆ ಓದಿ, 1 ಟಿಬಿ ಎಂದು ಹೇಳಿಕೊಳ್ಳುವ 32 ಜಿಬಿಯನ್ನು ಬಯಲಿಗೆಳೆಯುತ್ತದೆ.

4 ಜಿಬಿ ಗ್ರಾಫಿಕ್ಸ್

ಇದು ಚೀಟಿಯ ಅತ್ಯಂತ ಜಾಣ ಸಾಲು. ಕೆಲವು ಕಡೆ ಕಾರ್ಡೇ ಇರುವುದಿಲ್ಲ. ಒಳಗಿನ ಗ್ರಾಫಿಕ್ಸ್ ರ‍್ಯಾಮ್‌ನಿಂದ ಎರವಲು ಪಡೆಯುವ ಭಾಗವನ್ನೇ ‘4 ಜಿಬಿ’ ಎಂದು ಬರೆದಿರುತ್ತಾರೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಡೆಡಿಕೇಟೆಡ್’ (ಕಾರ್ಡಿನ ಸ್ವಂತದ್ದು) ಮತ್ತು ‘ಶೇರ್ಡ್’ (ಎರವಲು ತಂದದ್ದು) ಎಂಬ ಎರಡು ಸಾಲುಗಳನ್ನು ಬೇರೆಬೇರೆಯಾಗಿ ಓದಿದರೆ ಇದು ತಿಳಿಯುತ್ತದೆ.

ನಮ್ಮದರಲ್ಲಿ ಕಾರ್ಡ್ ಇತ್ತು, ಎನ್‌ವಿಡಿಯದ ಜಿಟಿ 730. ಜಿಪಿಯು-ಝಡ್ ಇಲ್ಲದಿದ್ದರೆ ನಾನೂ ಅಲ್ಲಿಗೇ ನಿಲ್ಲುತ್ತಿದ್ದೆ. 2014ರಲ್ಲಿ ಬಂದ ಈ ಕಾರ್ಡ್‌ನ ತಮಾಷೆ ಏನೆಂದರೆ ಒಂದೇ ಹೆಸರಿನಡಿ ಬೇರೆಬೇರೆ ಚಿಪ್ಪುಗಳು ಮಾರಾಟವಾದವು. ಒಂದರಲ್ಲಿ ಎನ್‌ವಿಡಿಯದ ಹಳೆಯ ತಲೆಮಾರಾದ ಫರ್ಮಿ ಕಾಲದ ಚಿಪ್ಪು, ಶೇಡರ್‌ಗಳು (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು) 96. ಇನ್ನೊಂದರಲ್ಲಿ ಅದರ ನಂತರದ ಕೆಪ್ಲರ್ ಕಾಲದ್ದು, ಶೇಡರ್‌ಗಳು 384. ಅದರಲ್ಲೂ ಕೆಲವಕ್ಕೆ ನಿಧಾನದ ಡಿಡಿಆರ್3 ಮೆಮೊರಿ, ಕೆಲವಕ್ಕೆ ವೇಗದ ಜಿಡಿಡಿಆರ್5. ಹೊರಗಿನ ಸ್ಟಿಕ್ಕರ್ ನೋಡಿದರೆ ಗೊತ್ತಾಗುವುದಿಲ್ಲ.

ಜಿಪಿಯು-ಝಡ್‌ನ ಒಂದೇ ಪುಟದಲ್ಲಿ ‘ಜಿಪಿಯು’, ‘ಶೇಡರ್ಸ್’, ‘ಮೆಮೊರಿ ಟೈಪ್’, ‘ಬಸ್ ವಿಡ್ತ್’ ಎಲ್ಲವೂ ಇವೆ. ನಮ್ಮದು ಜಿಎಫ್108 (ಫರ್ಮಿ ಚಿಪ್ಪು), ಶೇಡರ್‌ಗಳು 96, ಡಿಡಿಆರ್3. ಅಂದರೆ ಮೂರರಲ್ಲಿ ಅತ್ಯಂತ ಹಳೆಯದು. ಹೊಸ ಆಟಗಳಿಗೆ ಹೊಂದುವ ಡ್ರೈವರ್ ಅದಕ್ಕೆ 2018ರಲ್ಲೇ ನಿಂತಿತ್ತು. ನಾಲ್ಕು ಜಿಬಿ ಮೆಮೊರಿ ಇರುವುದು ನಿಜ. ದೊಡ್ಡ ಗೋದಾಮು, ಆದರೆ ಚೀಲ ಹೊರುವ ಹಮಾಲರು ಇಬ್ಬರೇ.

ನಕಲಿ ಕಾರ್ಡ್‌ಗಳ ವಿಷಯ ಬೇರೆ. ಹಳೆಯ ಚಿಪ್ಪಿಗೆ ಜಿಟಿಎಕ್ಸ್ 1050 ಟಿಐ ಎಂಬಂಥ ಹೊಸ ಹೆಸರಿನ ಬಯೋಸ್ ಬರೆದು ಮಾರುವುದುಂಟು. ಜಿಪಿಯು-ಝಡ್ ಅಂಥವನ್ನು ಗುರುತಿಸಿದರೆ ಹೆಸರಿನ ಮುಂದೆ ‘ಫೇಕ್’ ಎಂದು ಬರೆದು ಹಳದಿ ತ್ರಿಕೋನ ತೋರಿಸುತ್ತದೆ. ‘ಬಸ್ ಇಂಟರ್‌ಫೇಸ್’ (ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ) ಸಾಲಿನಲ್ಲಿ ನಿಮ್ಮ ಕಾರ್ಡ್ 3.0 ಬದಲು 1.1ರಲ್ಲಿ ಓಡುತ್ತಿದೆ ಎಂದು ಕಂಡರೆ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಸಣ್ಣ ಪರೀಕ್ಷೆ ಓಡಿಸಿ. ಕೆಲಸ ಬಿದ್ದಾಗ ಅದು ತಾನಾಗಿ ಮೇಲೇರುತ್ತದೆ.

ದುಡಿಸಿ ನೋಡಿ

ಸುಮ್ಮನೆ ಕುಳಿತ ಯಂತ್ರ ಯಾವಾಗಲೂ ಆರೋಗ್ಯವಾಗಿಯೇ ಕಾಣುತ್ತದೆ. ಎಚ್‌ಡಬ್ಲ್ಯುಇನ್ಫೋ ತೆರೆಯುವಾಗ ‘ಸೆನ್ಸರ್ಸ್ ಓನ್ಲಿ’ ಎಂಬುದಕ್ಕೆ ಟಿಕ್ ಹಾಕಿ. ನೂರಾರು ಸಾಲು ಬರುತ್ತವೆ, ಹೆದರಬೇಡಿ. ನಮಗೆ ಬೇಕಾದವು ಪ್ರೊಸೆಸರ್ ಉಷ್ಣತೆ, ‘ಥರ್ಮಲ್ ಥ್ರಾಟಲಿಂಗ್’ (ಬಿಸಿಯಾಗಿ ವೇಗ ತಗ್ಗಿಸುವುದು) ಮತ್ತು ಫ್ಯಾನ್ ವೇಗ. ಈಗಿನದು, ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಾಲ್ಕು ಕಂಬಗಳಿರುತ್ತವೆ. ಗರಿಷ್ಠದ ಮೇಲೆ ಕಣ್ಣಿಡಿ. ಇದನ್ನು ತೆರೆದಿಟ್ಟುಕೊಂಡೇ ಸಿಪಿಯು-ಝಡ್‌ನ ಸ್ಟ್ರೆಸ್ ಪರೀಕ್ಷೆಯನ್ನು ಅಥವಾ ಸಿನೆಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ.

ನಮ್ಮದು ಸುಮ್ಮನಿದ್ದಾಗ 48 ಡಿಗ್ರಿ. ಪರೀಕ್ಷೆ ಶುರುವಾಗಿ ಒಂದು ನಿಮಿಷ ಕಳೆಯುವಷ್ಟರಲ್ಲಿ 97. ಥ್ರಾಟಲಿಂಗ್ ಮುಂದೆ ‘ಯೆಸ್’ ಎಂದು ಕೆಂಪಾಯಿತು. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್ಪುಗಳು 100 ಡಿಗ್ರಿಯ ಹತ್ತಿರ ಬಂದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತವೆ. ಕಂಪ್ಯೂಟರ್ ನಿಧಾನ ಎಂದು ರ‍್ಯಾಮ್ ಮೇಲೆ ರ‍್ಯಾಮ್ ಹಾಕಿಸುವವರ ಮನೆಯಲ್ಲಿ ಎಷ್ಟೋ ಬಾರಿ ನಿಜವಾದ ಕಾಯಿಲೆ ಇದೇ.

ಇಲ್ಲಿ ಮಾತ್ರ ಸ್ಕ್ರೂಡ್ರೈವರ್ ಹಿಡಿದೆವು. ಪ್ಲಗ್ ಕಿತ್ತು, ಕ್ಯಾಬಿನೆಟ್ ತೆರೆದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ದೂಳು ಹಾಸಿಗೆಯ ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಬ್ರಷ್‌ನಿಂದ ಬಿಡಿಸಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಊದಿ, ಒಣಗಿ ಸುಣ್ಣವಾಗಿದ್ದ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖವನ್ನು ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಒರೆಸಿ ಹೊಸದನ್ನು ಬಟಾಣಿಯಷ್ಟು ಹಾಕಿದೆವು. ಅದೇ ಪರೀಕ್ಷೆಯಲ್ಲಿ ಗರಿಷ್ಠ 69. ಬೆಂಗಳೂರಿನಲ್ಲಿ ಸಿಕ್ಕ ಈ ಅಂಕಿಯನ್ನು ಏಪ್ರಿಲ್‌ನ ರಾಯಚೂರು, ಕಲಬುರಗಿಯಲ್ಲಿ ನಿರೀಕ್ಷಿಸಬೇಡಿ. ಕೋಣೆಯೇ 40 ಡಿಗ್ರಿ ಇದ್ದಾಗ ಚಿಪ್ಪೂ ಅಷ್ಟಕ್ಕಷ್ಟು ಮೇಲೇರುತ್ತದೆ.

ಅದೇ ಪಟ್ಟಿಯಲ್ಲಿ ವೋಲ್ಟೇಜ್‌ಗಳೂ ಇವೆ. 12 ವೋಲ್ಟಿನ ಸಾಲು 11.4ರಿಂದ 12.6ರ ನಡುವೆ ಇರಬೇಕೆಂಬುದು ನಿಯಮ. ಆದರೆ ತಂತ್ರಾಂಶ ಇಲ್ಲಿ ತಪ್ಪು ಓದುವುದು ಸಾಮಾನ್ಯ. 12 ವೋಲ್ಟಿನ ಜಾಗದಲ್ಲಿ 3.4 ಎಂದು ತೋರಿಸಿದರೆ ನಗಬೇಕಷ್ಟೆ, ಅದು ನಿಜವಾಗಿದ್ದರೆ ಕಂಪ್ಯೂಟರ್ ಶುರುವೇ ಆಗುತ್ತಿರಲಿಲ್ಲ. ಅನುಮಾನವಿದ್ದರೆ ಮಲ್ಟಿಮೀಟರ್ ಇರುವವರಿಂದ ಅಳೆಸಿ. ಒಳಗಿನ ಬಿಡಿಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು ಎಂಬುದನ್ನು ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಯಾವ ತಂತ್ರಾಂಶವೂ ಹೇಳಲಾರದು. ಅದರ ಮೈಮೇಲಿನ ಲೇಬಲ್ ಓದಬೇಕು. ಕಂಪ್ಯೂಟರ್ ಆರಿಸಿ ಹಾಕಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗಿ ಜಾಲತಾಣಗಳು ತೆರೆಯದಿದ್ದರೆ ಯಾವ ಪರೀಕ್ಷೆಯೂ ಬೇಡ, ಮದರ್‌ಬೋರ್ಡ್‌ನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ.

ಕೊನೆಯದಾಗಿ, ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಹುಡುಕಿ. ದಿನವಾರು ಪಟ್ಟಿಯಲ್ಲಿ ಕೆಂಪು ಗುರುತುಗಳು ಯಾವಾಗ ಏನು ಕೆಟ್ಟಿತೆಂದು ಹೇಳುತ್ತವೆ. ಮಾರುವವರು ವಿಂಡೋಸ್ ಹೊಸದಾಗಿ ಹಾಕಿದ್ದರೆ ಇಲ್ಲಿ ಏನೂ ಉಳಿದಿರುವುದಿಲ್ಲ, ಒಂದು ವಾರ ಬಳಸಿದ ಮೇಲೆ ನೋಡಿ.

ವರದಿ ಉಳಿಸಿಕೊಳ್ಳಿ

ಸಿಪಿಯು-ಝಡ್‌ನಲ್ಲಿ ‘ಟೂಲ್ಸ್’ ಗುಂಡಿಯ ಪಕ್ಕದ ಬಾಣ ಒತ್ತಿದರೆ ‘ಸೇವ್ ರಿಪೋರ್ಟ್’ ಇದೆ. ಸಿಸ್ಟಮ್ ಇನ್ಫಾರ್ಮೇಶನ್‌ನಲ್ಲಿ ‘ಫೈಲ್’ ಮೆನುವಿನ ‘ಎಕ್ಸ್‌ಪೋರ್ಟ್’. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮತ್ತು ಜಿಪಿಯು-ಝಡ್ ಎರಡರಲ್ಲೂ ಪುಟದ ಚಿತ್ರ ಉಳಿಸುವ ಆಯ್ಕೆ ಇದೆ. ಇವನ್ನೆಲ್ಲ ದಿನಾಂಕದ ಹೆಸರಿನ ಒಂದು ಫೋಲ್ಡರ್‌ಗೆ ಹಾಕಿ ನಿಮ್ಮ ಇಮೇಲ್‌ಗೇ ಕಳುಹಿಸಿಕೊಳ್ಳಿ. ಅದೇ ಕಂಪ್ಯೂಟರ್‌ನಲ್ಲಿ ಇಟ್ಟರೆ ಅದು ಕೆಟ್ಟಾಗ ವರದಿಯೂ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಇದನ್ನು ಕಲಿಯಲು ನಾನು ಬೆಲೆ ತೆತ್ತಿದ್ದೇನೆ. ಹಲವು ವರ್ಷಗಳ ಹಿಂದೆ ರಿಪೇರಿಗೆ ಕೊಟ್ಟ ನನ್ನ ಯಂತ್ರ ಎರಡು ರ‍್ಯಾಮ್ ಪಟ್ಟಿಗಳೊಂದಿಗೆ ಹೋಗಿ ಎರಡರೊಂದಿಗೇ ಮರಳಿತ್ತು. ಒಂದರ ತಯಾರಕರು ಮಾತ್ರ ಬೇರೆಯವರಾಗಿದ್ದಾರೆ ಎಂದು ನನಗೆ ಅನ್ನಿಸಿತು. ಕೇಳಿದೆ. “ಮೊದಲೂ ಇದೇ ಇತ್ತಲ್ಲ ಸರ್” ಎಂದರು. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಈಗ ರಿಪೇರಿಗೆ ಕೊಡುವ ಮುನ್ನ ಎಸ್‌ಪಿಡಿ ಪುಟವನ್ನೂ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದು, ಅಂಗಡಿಯವರ ಎದುರೇ ಒಮ್ಮೆ ತೋರಿಸುತ್ತೇನೆ.

ಹನ್ನೊಂದನೇ ದಿನ ಹುಡುಗ ಮತ್ತು ನಾನು ಮುದ್ರಿಸಿದ ನಾಲ್ಕು ಹಾಳೆಗಳೊಂದಿಗೆ ಎಸ್‌.ಪಿ. ರಸ್ತೆಗೆ ಮರಳಿದೆವು. ಅಂಗಡಿಯವರು ಹಳದಿ ಚೌಕದ ಹಾಳೆಯನ್ನು ಕನ್ನಡಕ ಏರಿಸಿ ಓದಿದರು, ಒಳಗೆ ಹೋಗಿ ಬೇರೊಂದು ಹಾರ್ಡ್ ಡಿಸ್ಕ್ ತಂದು ಮೇಜಿನ ಮೇಲಿಟ್ಟರು. ಹದಿನಾರರ ಪಟ್ಟಿಯ ಬದಲು ಎಂಟೆಂಟರ ಜೋಡಿ ಕೊಡಲು ಒಪ್ಪಿದರು. ಗ್ರಾಫಿಕ್ಸ್ ವಿಷಯಕ್ಕೆ, “ನಾಲ್ಕು ಜಿಬಿ ಎಂದಿದ್ದೆ, ನಾಲ್ಕು ಜಿಬಿ ಕೊಟ್ಟಿದ್ದೇನೆ” ಎಂದು ನಕ್ಕರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಗ ಹೊಸ ಡಿಸ್ಕನ್ನು ಕೈಗೆತ್ತಿಕೊಳ್ಳುವ ಮೊದಲು ಜೇಬಿನಿಂದ ಪೆನ್‌ಡ್ರೈವ್ ತೆಗೆದು, “ಅಂಕಲ್, ಇದನ್ನು ಒಮ್ಮೆ ನಿಮ್ಮ ಕಂಪ್ಯೂಟರ್‌ಗೆ ಹಾಕಿ ನೋಡಲೇ?” ಎಂದು ಕೇಳಿದ.